ಮರ್ಫಿ ಮನೆತನದ ಫ್ರೇಮ್: 35 ಯೂರೋ ಕೊಡುವ ಮೊದಲು ಇದನ್ನು ಓದಿ

ಹೋದ ತಿಂಗಳು ಐರ್ಲೆಂಡಿನ ಕಾರ್ಕ್ ಊರಲ್ಲಿ, ಪ್ರವಾಸಿಗರು ಹೋಗುವ ಒಂದು ಅಂಗಡಿಯಲ್ಲಿ ಈ ಫ್ರೇಮ್ ತಗೊಂಡೆ. ಒಳಗೆ ಮರ್ಫಿ ಅನ್ನೋ ಮನೆತನದ ಹೆಸರಿನ ಚರಿತ್ರೆ, ಮೇಲೆ ನಾಲ್ಕು ಸಿಂಹ ಮತ್ತು ಮೂರು ತೆನೆಕಟ್ಟು ಇರುವ ಲಾಂಛನ. ನಮ್ಮ ಪಕ್ಕದ ಮನೆ ಅಜ್ಜಿಗೆ 80 ತುಂಬಿತ್ತು. ಅವರ ತವರಿನ ಹೆಸರು ಮರ್ಫಿ. ನಾವು ಇಲ್ಲಿಗೆ ಬಂದಾಗಿನಿಂದ ನಮ್ಮ ಮಗಳನ್ನು ಮೊಮ್ಮಗಳ ಹಾಗೆ ನೋಡಿಕೊಂಡವರು ಅವರು, ಏನಾದರೂ ಮನಸ್ಸಿಗೆ ಹತ್ತಿರವಾದದ್ದು ಕೊಡೋಣ ಅಂತ ಆಸೆ.

ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಮೆಲ್ಲಗೆ ಹೇಳಿದರು, "ಇದು ವೆಕ್ಸ್‌ಫರ್ಡ್ ಕಡೆಯವರ ಕಥೆ ಅಲ್ವಾ, ನಮ್ಮವರೆಲ್ಲ ಕಾರ್ಕಿನವರು." ನನಗೆ ತುಂಬಾ ಬೇಜಾರಾಯಿತು.

ಅಲ್ಲಿಂದ ಕೂತು ಓದಿದೆ. ಮರ್ಫಿ ಅನ್ನೋದರ ಐರಿಷ್ ರೂಪ ಓ ಮುರಖೂ. ಓ ಅಂದರೆ ಮೊಮ್ಮಗ, ಅಂದರೆ ಆ ವಂಶದವನು. ಇಂಥ ಹೆಸರುಗಳ ಮುಂದೆ ಬರುವ ಮ್ಯಾಕ್ ಅಂದರೆ ಮಗ. ಮೂಲ ಹೆಸರಿನ ಅರ್ಥ ಕಡಲ ಯೋಧ. ಹಿಂದೆ ಆ ಮೂಲ ಹೆಸರು ಎಷ್ಟೋ ಜನಕ್ಕೆ ಇತ್ತು, ಹಾಗಾಗಿ ವೆಕ್ಸ್‌ಫರ್ಡ್, ಕಾರ್ಕ್, ರಾಸ್‌ಕಾಮನ್, ಟಿರೋನ್ ಹೀಗೆ ಬೇರೆ ಬೇರೆ ಕಡೆ ಸಂಬಂಧವೇ ಇಲ್ಲದ ಮನೆತನಗಳು ಇದೇ ಹೆಸರಲ್ಲಿ ಹುಟ್ಟಿಕೊಂಡವು. ನಮ್ಮ ಉತ್ತರ ಕರ್ನಾಟಕದಲ್ಲಿ ಊರೂರಿಗೂ ಪಾಟೀಲರಿದ್ದಾರೆ, ಅವರೆಲ್ಲ ಒಂದೇ ಬಳ್ಳಿಯವರಾ? 1890ರಲ್ಲಿ ಲೆಕ್ಕ ಹಾಕಿದಾಗಲೇ ಐರ್ಲೆಂಡಿನಲ್ಲಿ ಸುಮಾರು 62,600 ಮರ್ಫಿಗಳಿದ್ದರು, ದೇಶದಲ್ಲೇ ಎಲ್ಲಕ್ಕಿಂತ ಜಾಸ್ತಿ ಇದ್ದ ಹೆಸರು ಅದು.

ಫ್ರೇಮಿನಲ್ಲಿ ಮಾತ್ರ ಎಲ್ಲರೂ ವೆಕ್ಸ್‌ಫರ್ಡ್ ಇರುವ ಲೆನ್ಸ್ಟರ್ ಪ್ರಾಂತ್ಯದ ರಾಜ ಡರ್ಮಟ್ ಮ್ಯಾಕ್‌ಮರೋ ವಂಶದವರು ಅಂತ ಬರೆದುಬಿಟ್ಟಿದ್ದಾರೆ. 1166ರಲ್ಲಿ ರಾಜ್ಯ ಕಳೆದುಕೊಂಡು ಇಂಗ್ಲೆಂಡಿನ ಸಹಾಯ ಕೇಳಿದವನು, 1169ರಲ್ಲಿ ಆಗ ಇಂಗ್ಲೆಂಡ್ ಆಳುತ್ತಿದ್ದ ನಾರ್ಮನ್ನರು ವೆಕ್ಸ್‌ಫರ್ಡ್ ದಡಕ್ಕೆ ಬಂದಿಳಿಯಲು ಕಾರಣನಾದವನು ಅವನೇ. ಅವನ ಮಗನಿಂದ ಬಂದವರು ಕ್ಯಾವನಾ ಮನೆತನದವರು. ಕಾರ್ಕಿನ ಅಜ್ಜಿಗೂ ಅವನಿಗೂ ಏನು ಸಂಬಂಧ? ಲಾಂಛನದ ಕಥೆಯೂ ಅಷ್ಟೇ. ಅದು ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ ಸೇರಿದ್ದು. ಹೆಸರು ಒಂದೇ ಆದ ಮಾತ್ರಕ್ಕೆ ಎಲ್ಲರದೂ ಆಗುವುದಿಲ್ಲ. ಇಂಗ್ಲಿಷರ ಆಳ್ವಿಕೆಯಲ್ಲಿ ಹೆಸರಿನ ಮುಂದಿನ ಓ ಬಿದ್ದುಹೋಯಿತು. ಆಮೇಲೆ ಸಲಿವನ್ ಮನೆತನದ ಎಷ್ಟೋ ಜನ ಅದನ್ನು ಮತ್ತೆ ಸೇರಿಸಿಕೊಂಡರು, ಮರ್ಫಿಗಳು ಹೆಚ್ಚಾಗಿ ಹಾಗೇ ಉಳಿದರು. ಇಷ್ಟು ಮುಖ್ಯವಾದ ವಿಷಯಕ್ಕೆ ಫ್ರೇಮಿನಲ್ಲಿ ಒಂದು ಸಾಲೂ ಇಲ್ಲ.

ಬದಲಿಗೆ ಏನು ಮಾಡಬಹುದು ಅಂದರೆ, ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ವೆಬ್‌ಸೈಟಿನಲ್ಲಿ 1901 ಮತ್ತು 1911ರ ಜನಗಣತಿ ಫಾರಂಗಳು ಪುಕ್ಕಟೆ ಸಿಗುತ್ತವೆ. ಸುಮ್ನೆ ಮರ್ಫಿ ಅಂತ ಹುಡುಕಿದರೆ ಮುಗಿಯದಷ್ಟು ಬರುತ್ತದೆ, ಹಳ್ಳಿಯ ಹೆಸರು ಗೊತ್ತಿರಲೇಬೇಕು. ಅಜ್ಜಿಗೆ ಗೊತ್ತಿತ್ತು. ಇಬ್ಬರೂ ಕೂತು ಹುಡುಕಿದೆವು, ಅರ್ಧ ಗಂಟೆಯಲ್ಲಿ ಸಿಕ್ಕಿತು. 1911ರ ಫಾರಂ, ಅವರ ತಾತನ ಸ್ವಂತ ಕೈಬರಹ, ಕೆಳಗೆ ಸಹಿ. ಅಜ್ಜಿಯ ತಂದೆ ಆಗ 6 ವರ್ಷದ ಹುಡುಗ. ಆ ಫಾರಂನಲ್ಲಿ ಮದುವೆಯಾದ ಹೆಂಗಸಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ ಅಂತಲೂ ಕೇಳಿದ್ದಾರೆ. ಹುಟ್ಟಿದ್ದು 9, ಇದ್ದದ್ದು 7. ತೀರಿಹೋದ ಆ ಇಬ್ಬರ ಸುದ್ದಿ ಅಜ್ಜಿಗೆ ಗೊತ್ತೇ ಇರಲಿಲ್ಲ, ತುಂಬಾ ಹೊತ್ತು ಮಾತೇ ಆಡಲಿಲ್ಲ.

ಅದಕ್ಕಿಂತ ಹಿಂದಿನದು ಬೇಕಾದರೆ ಕಷ್ಟ. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಹೋಯಿತು, 1861ರಿಂದ 1891ರವರೆಗಿನದನ್ನು ಸರ್ಕಾರವೇ ಅದಕ್ಕೂ ಮೊದಲೇ ನಾಶ ಮಾಡಿತ್ತು. ಕ್ಯಾಥೊಲಿಕ್ ಚರ್ಚುಗಳ ಹಳೆಯ ರಿಜಿಸ್ಟರ್ ಪುಟಗಳನ್ನು ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ 2015ರಿಂದ ಪುಕ್ಕಟೆ ತೋರಿಸುತ್ತಿದೆ, ಅಕ್ಷರ ಮಾಸಿದೆ, ತಾಳ್ಮೆ ಬೇಕು.

ಫ್ರೇಮಿನ ಮರ, ಗಾಜು ಚೆನ್ನಾಗಿವೆ, ಅದಕ್ಕೆ ಎರಡು ಸ್ಟಾರ್. ಒಳಗಿನ ಹಾಳೆ ತೆಗೆದು ಆ ಫಾರಂನ ಪ್ರಿಂಟ್ ಹಾಕಿಕೊಟ್ಟೆ. ಈಗ ಅಜ್ಜಿಯ ಅಡುಗೆಮನೆ ಗೋಡೆ ಮೇಲಿದೆ.