ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್‌ನಲ್ಲಿ ಡಬ್ಲ್ಯುಡಿ ಬ್ಲೂ ಎಸ್‌ಎನ್570: ಮೂರು ವರ್ಷ ದಾಟಿದ ಮೇಲೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಈ ಕಂಪ್ಯೂಟರ್‌ಗೆ ಹಾಕಿದ ದುಡ್ಡಿನಲ್ಲಿ ಪೂರ್ತಿ ವಸೂಲಾಗಿದ್ದು ಈ ಎಸ್‌ಎಸ್‌ಡಿಗೆ, ಅಂದರೆ ಚಿಪ್‌ಗಳಲ್ಲಿ ಫೈಲು ಇಡುವ ಡ್ರೈವ್‌ಗೆ, ಕೊಟ್ಟಿದ್ದು. ಆದರೆ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವ ವೇಗಕ್ಕಾಗಿ ಅಲ್ಲ. ಆಪರೇಟಿಂಗ್ ಸಿಸ್ಟಂ ಒಂದು ಡ್ರೈವ್‌ನಲ್ಲಿ, ದುಡಿಮೆಯ ಫೈಲುಗಳು ಇನ್ನೊಂದರಲ್ಲಿ ಇರುವ ಹಾಗೆ ಮಾಡಿಕೊಂಡೆನಲ್ಲ, ಅದಕ್ಕಾಗಿ. ಎಸ್‌ಎಸ್‌ಡಿ ಕೊಳ್ಳುವವರು ಕಂಪನಿ ಯಾವುದು ಅಂತ ಕೇಳುತ್ತಾರೆ. ಅದರಲ್ಲಿ ಏನನ್ನು ಇಡಬೇಕು, ಏನನ್ನು ಇಡಬಾರದು ಅಂತ ಕೇಳುವವರು ಕಡಿಮೆ.

ನಮ್ಮದು ಮಂಡ್ಯ. ಮನೆಯಲ್ಲೇ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಶಾಲೆಗಳ ವಾರ್ಷಿಕ ಸಂಚಿಕೆ, ಸಹಕಾರ ಸಂಘಗಳ ವರದಿ, ತಿಥಿ ಕಾರ್ಡು, ಹೀಗೆ. ಮದುವೆ ಸೀಸನ್‌ನಲ್ಲಿ ಬೆಳಗ್ಗೆ ಆನ್ ಮಾಡಿದರೆ ಮಲಗುವ ಹೊತ್ತಿಗೇ ಆಫ್. 2022ರಲ್ಲಿ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಬಿಡಿಭಾಗ ತಂದು ಜೋಡಿಸಿದ್ದು. ರೈಜನ್ 5 5600ಜಿ ಪ್ರೊಸೆಸರ್, ಬಿ550 ಬೋರ್ಡ್, 16 ಜಿಬಿ ರ‍್ಯಾಮ್. ಜೊತೆಗೆ ಹಳೆ ಮಿಷಿನ್‌ನಿಂದ ಕಿತ್ತ 1 ಟಿಬಿ ಹಾರ್ಡ್ ಡಿಸ್ಕ್. ಹೊಸದಾಗಿ ಕೊಂಡ ಡ್ರೈವ್ ಇದೊಂದೇ: ಎಸ್‌ಎನ್570, 500 ಜಿಬಿ. ನಾಲ್ಕು ಸಾವಿರದ ಆಸುಪಾಸು ಬಿತ್ತು.

ಅಂಗಡಿಯ ಹುಡುಗ ಒಳ್ಳೆಯವನೇ. ಆದರೂ ದುಬಾರಿಯದ್ದನ್ನೇ ಮುಂದಿಟ್ಟ. "ಅಣ್ಣ, ಜೆನ್ ಫೋರ್ ತಗೊಳ್ಳಿ, ಡಬಲ್ ಸ್ಪೀಡು" ಅಂದ. "ನನ್ನ ಪ್ರೊಸೆಸರ್ 5600ಜಿ ಕಣಪ್ಪ, ಅದು ಜೆನ್ ಮೂರರ ತನಕ ಮಾತ್ರ" ಅಂದೆ. ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಬಿ550 ಬೋರ್ಡ್ ಪಿಸಿಐಇ 4.0, ಅಂದರೆ ಡ್ರೈವ್ ಮಾಹಿತಿ ಓಡಾಡುವ ದಾರಿಯ ನಾಲ್ಕನೇ ಪೀಳಿಗೆ (ಹುಡುಗ ಹೇಳಿದ ಜೆನ್ ಫೋರ್), ಕೊಡುತ್ತದೆ ನಿಜ. ಆದರೆ ಎಸ್‌ಎಸ್‌ಡಿ ಕೂರುವ ಮುಖ್ಯ ಎಂ.2 ಸ್ಲಾಟ್‌ನ ತಂತಿ ಸೀದಾ ಪ್ರೊಸೆಸರ್‌ಗೆ ಹೋಗುತ್ತದೆ. 5600ಜಿ ಅಂಥ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ನಲ್ಲಿ ಇರುವುದು 3.0 ಮಾತ್ರ. 7000 ಎಂಬಿ ವೇಗದ ಡ್ರೈವ್ ತಂದು ಹಾಕಿದರೂ ಸಿಗುವುದು 3500ರ ಆಸುಪಾಸೇ. ಎಸ್‌ಎನ್570 ಸೆಕೆಂಡಿಗೆ 3500 ಎಂಬಿ ಓದುತ್ತದೆ ಅಂತ ಕಂಪನಿ ಹೇಳುತ್ತದೆ. ನನ್ನ ಮಿಷಿನ್‌ಗೆ ಅಳತೆ ತೆಗೆದು ಹೊಲಿಸಿದಂತೆ ಕೂತಿತು.

ಅಷ್ಟಕ್ಕೂ ದಿನದ ಬಳಕೆಯಲ್ಲಿ ಆ 3500 ಕಣ್ಣಿಗೆ ಬೀಳುವುದೇ ಇಲ್ಲ. ವಿಂಡೋಸ್ ಏಳುವಾಗ ಓದುವುದು ಒಂದು ದೊಡ್ಡ ಫೈಲನ್ನಲ್ಲ. ಅಲ್ಲೊಂದು ಇಲ್ಲೊಂದು ಇರುವ ಸಾವಿರಾರು ಚಿಕ್ಕ ಫೈಲುಗಳನ್ನು. ಹಾರ್ಡ್ ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್‌ಗೂ ಜಾಸ್ತಿ ಬೇಕು. ಬೇಕಾದ ಜಾಗ ಮುಳ್ಳಿನ ಕೆಳಗೆ ಬರುವ ತನಕ ಕಾಯಲೇಬೇಕು, ಪ್ರತಿ ಫೈಲಿಗೂ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಆ ಕಾಯುವಿಕೆಯೇ ಹೋಯಿತು. ಹಾಗಾಗಿ ಹಾರ್ಡ್ ಡಿಸ್ಕ್‌ನಂತೆ ಕೇಬಲ್‌ನಲ್ಲಿ ಸೇರಿಸುವ, 550 ಎಂಬಿ ವೇಗದ ಸಾಟಾ ಎಸ್‌ಎಸ್‌ಡಿ ಹಾಕಿದವರಿಗೂ ಹೆಚ್ಚುಕಡಿಮೆ ಇದೇ ಸುಖ ಸಿಗುತ್ತದೆ. ಹಳೆ ಬೋರ್ಡ್‌ನಲ್ಲಿ ಎಂ.2 ಸ್ಲಾಟ್ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಎರಡೂವರೆ ಇಂಚಿನ ಸಾಟಾ ಡ್ರೈವ್ ಹಾಕಿ, ಸಾಕು.

ಕೂರಿಸುವುದು ಸುಲಭ. ಡ್ರೈವ್ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಚ್ಯೂಯಿಂಗ್ ಗಮ್ ಪಟ್ಟಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಓರೆಯಾಗಿ ಸ್ಲಾಟ್‌ಗೆ ತಳ್ಳಿ, ಬಂಗಾರದ ಬಣ್ಣದ ಪಟ್ಟಿಗಳು ಪೂರ್ತಿ ಒಳಗೆ ಹೋದ ಮೇಲೆ ಇನ್ನೊಂದು ತುದಿಯನ್ನು ಮೆಲ್ಲಗೆ ಒತ್ತಿ ಸ್ಕ್ರೂ ಬಿಗಿಯಬೇಕು. ಕೈ ಬಿಟ್ಟರೆ ತುದಿ ಸ್ಪ್ರಿಂಗ್ ಹಾಗೆ ಮೇಲಕ್ಕೆ ಏಳುತ್ತದೆ, ಗಾಬರಿ ಬೇಡ, ಅದು ಹಾಗೇ. ಅಕ್ಕಿಕಾಳಿಗಿಂತ ಚಿಕ್ಕದಾದ ಆ ಸ್ಕ್ರೂ ಎಸ್‌ಎಸ್‌ಡಿ ಡಬ್ಬದಲ್ಲಿ ಇರುವುದಿಲ್ಲ, ಮದರ್‌ಬೋರ್ಡ್ ಡಬ್ಬದಲ್ಲಿ ಇರುತ್ತದೆ. ಆ ಡಬ್ಬವನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಕೊಡವಿ ನೋಡಿ.

ಇನ್ನು ಇನ್‌ಸ್ಟಾಲ್ ಮಾಡುವ ವಿಷಯ. ನಾನು ಎಲ್ಲರಿಗೂ ಒತ್ತಿ ಹೇಳುವುದು ಇಲ್ಲೇ. ಶುರುಮಾಡುವ ಮೊದಲು ಹಾರ್ಡ್ ಡಿಸ್ಕ್‌ನ ಸಾಟಾ ಕೇಬಲ್ ಕಿತ್ತಿಡಿ. ಪ್ರತಿ ಸಲವೂ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ದಸರಾ ರಜೆಗೆ ಬಂದಿದ್ದಾಗ ಪಕ್ಕದಲ್ಲೇ ಕೂತಿದ್ದ. "ಅದ್ಯಾಕೆ ಮಾವ ಕೀಳ್ತೀರಾ? ಇನ್‌ಸ್ಟಾಲ್ ಮಾಡುವಾಗ ಸರಿಯಾದ ಡ್ರೈವ್ ಸೆಲೆಕ್ಟ್ ಮಾಡಿದ್ರೆ ಸಾಕಲ್ವಾ?" ಅಂತ ಕೇಳಿದ. ಸಾಲದು. ವಿಂಡೋಸ್ ಫೈಲುಗಳು ನಾವು ತೋರಿಸಿದ ಡ್ರೈವ್‌ಗೇ ಹೋಗುತ್ತವೆ. ಆದರೆ ಬೇರೆ ಡಿಸ್ಕ್‌ನಲ್ಲಿ ಹಳೆಯ ಇಎಫ್‌ಐ ಪಾರ್ಟಿಷನ್ (ಕಂಪ್ಯೂಟರನ್ನು ಏಳಿಸುವ ಬೂಟ್ ಫೈಲುಗಳಿಗೆ ಮೀಸಲಾದ ಭಾಗ) ಕಂಡರೆ ಬೂಟ್ ಫೈಲುಗಳನ್ನು ಅಲ್ಲಿಗೆ ತುಂಬಿಬಿಡುವುದುಂಟು. ಆಗ ಏನೂ ಗೊತ್ತಾಗುವುದಿಲ್ಲ. ಮುಂದೆ ಎಂದೋ ಒಂದು ದಿನ ಹಾರ್ಡ್ ಡಿಸ್ಕ್ ಕೆಟ್ಟಾಗ ಎಸ್‌ಎಸ್‌ಡಿಯಲ್ಲಿರುವ ವಿಂಡೋಸ್ ಕೂಡ ಏಳುವುದಿಲ್ಲ. ಹೋಗಿದ್ದು ಒಂದು ಡಿಸ್ಕ್, ನಿಂತಿದ್ದು ಇಡೀ ಕೆಲಸ. ಕೇಬಲ್ ಕೀಳುವುದಕ್ಕೆ ಅರ್ಧ ನಿಮಿಷ ಸಾಕು. ಜೊತೆಗೆ ಕೈತಪ್ಪಿ ಹಳೆ ಫೈಲುಗಳಿರುವ ಡಿಸ್ಕ್ ಅಳಿಸುವ ಭಯವೂ ಇಲ್ಲ.

ಉಳಿದದ್ದು ನೇರ. 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಟೂಲ್‌ನಿಂದಲೇ ವಿಂಡೋಸ್ ಇಳಿಸಿಕೊಳ್ಳಿ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಹೆಸರಲ್ಲಿ ಕಂಡರೆ ಯುಇಎಫ್‌ಐ ಅಂತ ಇರುವುದನ್ನೇ ಆರಿಸಿ. ಖಾಲಿ ಜಾಗ ತೋರಿಸಿ ನೆಕ್ಸ್ಟ್ ಒತ್ತಿ, ಬೇಕಾದ ಪಾರ್ಟಿಷನ್ ಅದೇ ಮಾಡಿಕೊಳ್ಳುತ್ತದೆ. ವಿಂಡೋಸ್ 11 ಹೋಂ ಆವೃತ್ತಿ ಮಧ್ಯದಲ್ಲಿ ಇಂಟರ್‌ನೆಟ್ ಕೇಳುತ್ತದೆ. ವೈಫೈ ಡ್ರೈವರ್ ಇನ್ನೂ ಇಲ್ಲದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ ಆನ್ ಮಾಡಿದರೆ ಕೆಲಸ ಆಗುತ್ತದೆ. ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಕೆಲವೊಮ್ಮೆ ಡ್ರೈವ್ ಕಾಣುವುದೇ ಇಲ್ಲ. ಅದು ಎಸ್‌ಎಸ್‌ಡಿ ದೋಷ ಅಲ್ಲ, ಇಂಟೆಲ್‌ನ ಸ್ಟೋರೇಜ್ ಡ್ರೈವರ್ ಪೆನ್‌ಡ್ರೈವ್‌ನಿಂದ ಲೋಡ್ ಮಾಡಬೇಕು. ನನ್ನ ಎಎಂಡಿ ಮಿಷಿನ್‌ಗೆ ಆ ತೊಂದರೆ ಇರಲಿಲ್ಲ.

ಒಂದು ವಿಷಯ ಮಾತ್ರ ತಪ್ಪಿಸಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಸಾಮಾನ್ಯವಾಗಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಅದರಲ್ಲಿರುವುದಕ್ಕೆ ಗುಪ್ತ ಬೀಗ ಬೀಳುತ್ತದೆ. ಮುಂದೆ ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್ ಆದ ಬಯಾಸ್ ಅಪ್‌ಡೇಟ್ ಮಾಡಿದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಖಾತೆಯಲ್ಲಿ ಇರುತ್ತದೆ. ಆದರೂ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಕಂಪ್ಯೂಟರ್ ಬಿಲ್ ಜೊತೆ ಇಟ್ಟಿದ್ದೇನೆ. ನೀವೂ ಇಡಿ.

2022ರಲ್ಲಿ ನಾನು ಹಾಕಿದ್ದು ವಿಂಡೋಸ್ 10. ಪ್ರಿಂಟರ್, ಕೋರಲ್ ಡ್ರಾ, ಕನ್ನಡ ಟೈಪಿಂಗ್‌ನ ನುಡಿ ಎಲ್ಲ ಅದರಲ್ಲಿ ಹದವಾಗಿದ್ದವು, ಬದಲಾಯಿಸಲು ಮನಸ್ಸಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುವುದಿತ್ತು. ಗಿರಾಕಿಗಳ ಪೆನ್‌ಡ್ರೈವ್ ದಿನವೂ ಚುಚ್ಚುವ ಮಿಷಿನ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಇಲ್ಲದೆ ಇರುವುದು ಅಪಾಯ. ಹಾಗಾಗಿ ಆ ದಸರಾ ರಜೆಯಲ್ಲೇ ಪೂರ್ತಿ ಅಳಿಸಿ ವಿಂಡೋಸ್ 11 ಹಾಕಿದೆ. ಡ್ರೈವ್‌ಗಳನ್ನು ಬೇರೆ ಮಾಡಿದ್ದರ ಬೆಲೆ ಗೊತ್ತಾಗಿದ್ದು ಆವತ್ತು. ಹಿಂದಿನ ಮಿಷಿನ್‌ನಲ್ಲಿ ವಿಂಡೋಸ್ ಬದಲಾಯಿಸುವುದು ಅಂದರೆ ವರ್ಷಗಳ ಫೈಲುಗಳನ್ನು ಎಲ್ಲಿಗೋ ಕಾಪಿ ಮಾಡಿ, ಮತ್ತೆ ತರುವ ಕೆಲಸ. ಈ ಸಲ ವಿಂಡೋಸ್ ಇರುವ ಸಿ ಡ್ರೈವ್ ಕಣ್ಣುಮುಚ್ಚಿ ಅಳಿಸಿದೆ. ಹಾರ್ಡ್ ಡಿಸ್ಕ್‌ನ ಕೇಬಲ್ ಮತ್ತೆ ಚುಚ್ಚಿದಾಗ ಗಿರಾಕಿಗಳ ಫೋಲ್ಡರ್‌ಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಲೈಸೆನ್ಸ್ ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಅದೂ ತಾನಾಗಿಯೇ ಬಂತು.

ಕನ್ನಡ ಡಿಟಿಪಿ ಮಾಡುವವರಿಗೆ ಒಂದು ಮಾತು. ಫಾಂಟ್‌ಗಳು ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ. ಅದನ್ನು ಅಳಿಸಿದರೆ ಹಳೆಯ ನುಡಿ, ಬರಹ ಫಾಂಟ್‌ಗಳೂ ಹೋಗುತ್ತವೆ. ಯೂನಿಕೋಡ್ ಅಲ್ಲದ ಆ ಫಾಂಟ್‌ನಲ್ಲಿ ಮಾಡಿದ ಲಗ್ನಪತ್ರಿಕೆ ತೆರೆದರೆ ಗಂಡು ಹೆಣ್ಣಿನ ಹೆಸರಿನ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅದಕ್ಕೇ ನನ್ನ ಫಾಂಟ್‌ಗಳ ಒಂದು ಪ್ರತಿ ಯಾವಾಗಲೂ ಡಿ ಡ್ರೈವ್‌ನಲ್ಲಿ, ಅಂದರೆ ಹಾರ್ಡ್ ಡಿಸ್ಕ್‌ನಲ್ಲಿ, ಇರುತ್ತದೆ. ಡಾಕ್ಯುಮೆಂಟ್ಸ್ ಫೋಲ್ಡರ್‌ನ ಪ್ರಾಪರ್ಟೀಸ್‌ಗೆ ಹೋಗಿ ಲೊಕೇಷನ್ ಕೂಡ ಡಿ ಡ್ರೈವ್‌ಗೆ ಬದಲಿಸಿದ್ದೇನೆ. ಹಾಗಂತ ಹಾರ್ಡ್ ಡಿಸ್ಕ್ ಒಂದನ್ನೇ ನಂಬಿಲ್ಲ, ಅದರ ಬ್ಯಾಕಪ್ ಬೇರೆ ಇದೆ.

ಅದೇ ಎಸ್‌ಎಸ್‌ಡಿಯಲ್ಲಿ 60 ಜಿಬಿ ತೆಗೆದಿರಿಸಿ ಲಿನಕ್ಸ್ ಮಿಂಟ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕೂಡ ಹಾಕಿದ್ದೇನೆ. ಅನುಮಾನ ಬಂದ ಪೆನ್‌ಡ್ರೈವ್ ಮೊದಲು ಅದರಲ್ಲಿ ತೆರೆಯುತ್ತೇನೆ. ನುಡಿಯ ಕೀಲಿ ವಿನ್ಯಾಸ ಅಲ್ಲಿ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ, ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಎರಡೂ ಇರುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗಳಿಗೆ ಬರೆಯಲು ಆಗುವುದಿಲ್ಲ. ಎಸ್‌ಎಸ್‌ಡಿ ಇರುವಾಗ ಆ ಸೌಲಭ್ಯದಿಂದ ಉಳಿಯುವುದು ಕೆಲವೇ ಸೆಕೆಂಡು, ಸುಮ್ನೆ ಯಾಕೆ?

ಬಾಳಿಕೆ ಬಗ್ಗೆ ಕೇಳುವವರು ಜಾಸ್ತಿ. 500 ಜಿಬಿ ಮಾದರಿಗೆ ಕಂಪನಿ ಕೊಡುವುದು 5 ವರ್ಷ ಅಥವಾ 300 ಟಿಬಿ ಬರೆಯುವ ತನಕದ ವಾರಂಟಿ, ಯಾವುದು ಮೊದಲೋ ಅದು. 300 ಟಿಬಿಯನ್ನು 5 ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 164 ಜಿಬಿ. ಮನೆಯಲ್ಲಿ ಯಾರು ಅಷ್ಟು ಬರೆಯುತ್ತಾರೆ? ನನ್ನದರಲ್ಲಿ ಡ್ರೈವ್‌ನ ಸ್ಥಿತಿ ಹೇಳುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್ ತೋರಿಸುತ್ತಿರುವ ಆರೋಗ್ಯ 96 ಪರ್ಸೆಂಟ್. ಸವೆದುಹೋಗುತ್ತದೆ ಅಂತ ಹೆದರಿ ಬ್ರೌಸರ್ ಕ್ಯಾಶ್, ಪೇಜ್ ಫೈಲನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸುವವರಿದ್ದಾರೆ. ಎಸ್‌ಎಸ್‌ಡಿ ಕೊಂಡಿದ್ದೇ ಆ ಕೆಲಸಕ್ಕೆ. ಡಿಫ್ರಾಗ್ ಬೇಡ. ವಿಂಡೋಸ್ ವಾರಕ್ಕೊಮ್ಮೆ ತಾನೇ ಟ್ರಿಮ್ ಮಾಡುತ್ತದೆ (ಅಳಿಸಿದ ಫೈಲುಗಳ ಜಾಗ ಖಾಲಿ ಅಂತ ಡ್ರೈವ್‌ಗೆ ತಿಳಿಸುತ್ತದೆ), ಮಿಂಟ್ ಕೂಡ. ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಮಾತ್ರ ಬೇಕೇ ಬೇಕು. ಇಂಥ ಮನೆಬಳಕೆಯ ಡ್ರೈವ್‌ಗಳಲ್ಲಿ ಕರೆಂಟ್ ದಿಢೀರ್ ಹೋದಾಗ ಬರವಣಿಗೆ ಮುಗಿಸಿಕೊಳ್ಳಲು ಬೇಕಾದ ಕೆಪಾಸಿಟರ್ ಇರುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಇದರಲ್ಲಿ ಯಾವ ಫೈಲು ಎಲ್ಲಿದೆ ಅಂತ ಲೆಕ್ಕ ಇಡುವ ಸ್ವಂತ ಮೆಮೊರಿ, ಅಂದರೆ ಡಿರ‍್ಯಾಮ್ ಇಲ್ಲ, ಕಂಪ್ಯೂಟರ್‌ನ ರ‍್ಯಾಮ್‌ನಲ್ಲೇ ಸ್ವಲ್ಪ ಜಾಗ ಎರವಲು ಪಡೆಯುತ್ತದೆ. ದೊಡ್ಡ ಫೈಲುಗಳನ್ನು ಒಂದೇ ಸಮನೆ ಸುರಿದರೆ ಕ್ಯಾಶ್ ತುಂಬಿ ಬರೆಯುವ ವೇಗ ಇಳಿಯುತ್ತದೆ. ಈ ದರ್ಜೆಯ ಟಿಎಲ್‌ಸಿ (ಒಂದೊಂದು ಕೋಶದಲ್ಲಿ ಮೂರು ಬಿಟ್ ಇಡುವ) ಡ್ರೈವ್‌ಗಳೆಲ್ಲದರ ಗುಣ ಇದು. ನನ್ನ ಫೈಲುಗಳು ಬರುವುದೇ ಪೆನ್‌ಡ್ರೈವ್‌ನಿಂದ, ಅದರ ವೇಗವೇ ಕಡಿಮೆ, ಹಾಗಾಗಿ ನನಗೆ ಅಡ್ಡಿಯಾಗಿಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವವರು ಡಿರ‍್ಯಾಮ್ ಇರುವ ಡ್ರೈವ್ ನೋಡುವುದು ಒಳ್ಳೆಯದು.

ಇವತ್ತು ಕೊಳ್ಳುವುದಾದರೆ ಈ ಮಾದರಿ ಹುಡುಕಿಕೊಂಡು ಹೋಗಬೇಕಿಲ್ಲ, ಇದರ ನಂತರದವು ಬಂದಿವೆ. 250 ಜಿಬಿ ಮಾತ್ರ ತಗೊಳ್ಳಬೇಡಿ. ವಿಂಡೋಸ್, ಅಪ್‌ಡೇಟ್, ಎರಡು ದೊಡ್ಡ ಸಾಫ್ಟ್‌ವೇರ್ ಹಾಕುವಷ್ಟರಲ್ಲಿ ಅರ್ಧ ತುಂಬಿರುತ್ತದೆ, ತುಂಬಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ. ನಾನು ಐದನೇ ಒಂದು ಭಾಗ ಯಾವಾಗಲೂ ಖಾಲಿ ಬಿಡುತ್ತೇನೆ. ಬೋರ್ಡ್ ಕೊಳ್ಳುವಾಗಲೂ ಎರಡು ಎಂ.2 ಸ್ಲಾಟ್ ಇರುವುದನ್ನೇ ನೋಡಿ. ನಾಳೆ ಡ್ರೈವ್ ಬದಲಿಸುವಾಗ ಹೊಸದನ್ನು ಪಕ್ಕದಲ್ಲೇ ಹಾಕಿ ನೇರವಾಗಿ ಕ್ಲೋನ್ ಮಾಡಬಹುದು. ಎರಡನೇ ಸ್ಲಾಟ್ ಬಳಸಿದರೆ ಕೆಲವು ಬೋರ್ಡ್‌ಗಳಲ್ಲಿ ಎರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಯಾವುವು ಅಂತ ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಹಾರ್ಡ್ ಡಿಸ್ಕ್ ಕೇಬಲ್ ಅವೆರಡನ್ನು ಬಿಟ್ಟು ಬೇರೆ ಪೋರ್ಟ್‌ಗೆ ಚುಚ್ಚಿ.