ಸಮಾರಂಭಕ್ಕೆ ಕೈಗೆಟುಕುವ ಸ್ಪಾರ್ಕ್ಲಿಂಗ್ ವೈನ್: ಪುಣೆಯ ಅಂಗಡಿಗಳಲ್ಲಿ ಯಾವುದನ್ನು ಕೊಳ್ಳಬೇಕು?

ಮದುವೆಯ ಬೆಳ್ಳಿಹಬ್ಬ, ಮಕ್ಕಳಿಗೆ ಸಿಕ್ಕ ಮೊದಲ ಕೆಲಸ, ಹೊಸ ವರ್ಷದ ರಾತ್ರಿ ಮುಂತಾದ ಸಂದರ್ಭಗಳಲ್ಲಿ ಒಂದು ಬಾಟಲಿ ತೆರೆದು ಶುಭ ಹಾರೈಸುವ ರೂಢಿ ಪುಣೆಯ ಕನ್ನಡ ಮನೆಗಳಲ್ಲಿಯೂ ಈಗ ಅಪರೂಪವಲ್ಲ. ಇತ್ತೀಚೆಗೆ ಕೋಥ್ರೂಡ್‌ನಲ್ಲಿ ನಮ್ಮ ಅಕ್ಕ ಮತ್ತು ಭಾವನವರ ಮದುವೆಯ ಇಪ್ಪತ್ತೈದನೆಯ ವರ್ಷದ ಕೂಟ ನಡೆದಾಗ ಪಾನೀಯದ ಹೊಣೆ ನನ್ನ ಪಾಲಿಗೆ ಬಂದಿತ್ತು. ಆ ಕಾರಣಕ್ಕೆ ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸ್ಪಾರ್ಕ್ಲಿಂಗ್ ವೈನಿನ, ಅಂದರೆ ಗುಳ್ಳೆಯೇಳುವ ವೈನಿನ ಬಾಟಲಿಗಳನ್ನು ಒಂದರ ಪಕ್ಕ ಒಂದಿಟ್ಟು ರುಚಿ ನೋಡಿದೆವು. ಅದರಿಂದ ನನಗೆ ದೃಢವಾದ ಅಭಿಪ್ರಾಯ ಇಷ್ಟು: ಬಾಟಲಿಗೆ ಎರಡು ಸಾವಿರ ರೂಪಾಯಿಯ ಒಳಗೆ ಖರ್ಚು ಮಾಡುವವರು ವಿದೇಶಿ ಹೆಸರಿಗೆ ಮಾರುಹೋಗದೆ, ನಾಸಿಕ್ ಭಾಗದಲ್ಲಿ ತಯಾರಾದ, ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿದ, ಸಿಹಿ ಕಡಿಮೆಯಿರುವ ಬ್ರೂಟ್ ಬಗೆಯ ವೈನ್ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಶಾಂಪೇನ್ ಎಂದು ಕರೆಯಿಸಿಕೊಳ್ಳುವ ಹಕ್ಕಿರುವುದು ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ, ಅಲ್ಲಿನ ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟು ತಯಾರಾದ ವೈನಿಗೆ ಮಾತ್ರ. ಶಾರ್ಡೊನೆ, ಪಿನೋ ನ್ವಾರ್ ಮತ್ತು ಮ್ಯೂನಿಯೆ ಅಲ್ಲಿನ ಮುಖ್ಯ ದ್ರಾಕ್ಷಿಗಳು. ಮೊದಲು ಸಾಧಾರಣ ವೈನ್ ತಯಾರಿಸಿ, ಅದಕ್ಕೆ ಸ್ವಲ್ಪ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಮುಚ್ಚಿಡುತ್ತಾರೆ. ಆಗ ವೈನ್ ಎರಡನೆಯ ಬಾರಿ ಹುದುಗಿ, ಒಳಗೆ ಹುಟ್ಟಿದ ಅನಿಲ ಹೊರಹೋಗಲು ದಾರಿಯಿಲ್ಲದೆ ವೈನಿನಲ್ಲಿಯೇ ಕರಗಿ ಉಳಿಯುತ್ತದೆ. ಲೇಬಲ್ಲಿನಲ್ಲಿ ಕೊಯ್ಲಿನ ವರ್ಷ ನಮೂದಿಸದ ಶಾಂಪೇನ್ ಕೂಡ ಕನಿಷ್ಠ 15 ತಿಂಗಳು ಬಾಟಲಿಯಲ್ಲಿ ಮಾಗಿದ ನಂತರವೇ ಮಾರುಕಟ್ಟೆಗೆ ಬರಬೇಕು, ವರ್ಷ ನಮೂದಿಸಿದ್ದಾದರೆ ಮೂರು ವರ್ಷ. ಇಷ್ಟು ಕಾಲ, ಇಷ್ಟು ಕೈಕೆಲಸ ಬೇಡುವ ಪಾನೀಯ ಅಗ್ಗವಾಗಿರಲು ಸಾಧ್ಯವಿಲ್ಲ. ಅದಕ್ಕೆ ನಮ್ಮಲ್ಲಿ ಸುಂಕವೂ ಸೇರಿತು. ವಿದೇಶಿ ವೈನಿನ ಮೇಲೆ ಭಾರತ ಹಲವು ವರ್ಷ ವಿಧಿಸುತ್ತಾ ಬಂದದ್ದು ಶೇಕಡ 150ರಷ್ಟು ಆಮದು ಸುಂಕ, ಅಂದರೆ ನೂರು ರೂಪಾಯಿಯ ಸರಕು ನ್ಹಾವಾ ಶೇವಾ ಬಂದರು ದಾಟುವಾಗಲೇ ಇನ್ನೂರೈವತ್ತು ರೂಪಾಯಿ ಆಗಿರುತ್ತದೆ, ರಾಜ್ಯದ ತೆರಿಗೆ ಮತ್ತು ಅಂಗಡಿಯ ಲಾಭ ಆಮೇಲಿನ ಮಾತು. ಪುಣೆಯಲ್ಲಿ ಹೆಸರುವಾಸಿ ಶಾಂಪೇನ್ ಒಂದಕ್ಕೆ ಐದು ಸಾವಿರಕ್ಕೂ ಮೇಲೆ ತೆರಬೇಕಾಗುವುದು ಹೀಗಾಗಿಯೇ.

ಸುಂಕದ ಈ ಲೆಕ್ಕ ಅಗ್ಗದ ವಿದೇಶಿ ಬಾಟಲಿಗೆ ಇನ್ನೂ ಹೆಚ್ಚು ಪೆಟ್ಟು ಕೊಡುತ್ತದೆ. ಇಟಲಿಯ ಪ್ರೊಸೆಕೊ ಗ್ಲೆರಾ ಎಂಬ ದ್ರಾಕ್ಷಿಯಿಂದ, ಬಹುಪಾಲು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿ ಬರುತ್ತದೆ. ತೊಟ್ಟಿಯ ವಿಧಾನ ಕೀಳಲ್ಲ, ಸೇಬು ಮತ್ತು ಪಿಯರ್‌ನಂಥ ಹಣ್ಣಿನ ತಾಜಾತನವನ್ನು ಅದು ಚೆನ್ನಾಗಿ ಉಳಿಸುತ್ತದೆ. ಆದರೆ ತನ್ನ ಊರಿನಲ್ಲಿ ದಿನನಿತ್ಯದ ಪಾನೀಯವಾಗಿರುವ ವೈನಿಗೆ ಇಲ್ಲಿ ಬಾಟಲಿಯಲ್ಲಿ ಮಾಗಿದ ವೈನಿನ ಬೆಲೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸ್ಪೇನಿನ ಕಾವಾ ಹಾಗಲ್ಲ. ಅದು ಬಾಟಲಿಯಲ್ಲಿಯೇ ಹುದುಗಿ ಕನಿಷ್ಠ ಒಂಬತ್ತು ತಿಂಗಳು ಮಾಗಿರುವುದರಿಂದ, ವಿದೇಶಿಯೇ ಬೇಕೆನ್ನುವವರು ಒಳ್ಳೆಯ ಬೆಲೆಗೆ ಸಿಕ್ಕರೆ ಅದನ್ನೇ ಆರಿಸಬಹುದು. ಆಸ್ಟ್ರೇಲಿಯಾದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿನ ವೈನಿನ ಸುಂಕವೂ ಇಳಿದಿದೆ.

ನಾಸಿಕ್‌ನ ಮಾತಿಗೆ ಬರುವ ಮೊದಲು ಪುಣೆಯವರು ಹೆಮ್ಮೆಪಡಬೇಕಾದ ಒಂದು ಸಂಗತಿಯಿದೆ. ಇಲ್ಲಿಂದ ನಾಸಿಕ್ ರಸ್ತೆಯಲ್ಲೇ ಸಿಗುವ ನಾರಾಯಣಗಾಂವ್‌ನಲ್ಲಿ ಶಾಮರಾವ್ ಚೌಗುಲೆಯವರ ಇಂಡೇಜ್ ಸಂಸ್ಥೆ 1980ರ ದಶಕದಲ್ಲಿಯೇ ಫ್ರೆಂಚ್ ತಜ್ಞರ ನೆರವಿನಿಂದ ಸ್ಪಾರ್ಕ್ಲಿಂಗ್ ವೈನ್ ತಯಾರಿಸಿ, ಒಮರ್ ಖಯ್ಯಾಮ್ ಎಂಬ ಹೆಸರಿನಲ್ಲಿ ಹೊರದೇಶಗಳಿಗೂ ಕಳುಹಿಸಿತ್ತು. ಆ ಸಂಸ್ಥೆ ಮುಂದೆ ಉಳಿಯಲಿಲ್ಲ, ಆದರೆ ದಖ್ಖನಿನ ದ್ರಾಕ್ಷಿಯಿಂದ ಇಂಥ ವೈನ್ ಸಾಧ್ಯವೆಂದು ತೋರಿಸಿಕೊಟ್ಟಿತು. ಯುರೋಪಿನಲ್ಲಿ ಬೇಸಿಗೆಯ ಕೊನೆಗೆ ದ್ರಾಕ್ಷಿ ಕೊಯ್ದರೆ ಇಲ್ಲಿ ಕೊಯ್ಲು ನಡೆಯುವುದು ಚಳಿಗಾಲದಲ್ಲಿ. ಸ್ಪಾರ್ಕ್ಲಿಂಗ್ ವೈನಿಗೆ ಬೇಕಾದ ಹಣ್ಣನ್ನು ಹುಳಿ ಇನ್ನೂ ಉಳಿದಿರುವಾಗಲೇ, ಉಳಿದವುಗಳಿಗಿಂತ ಮೊದಲು ಬಿಡಿಸಿಕೊಳ್ಳುತ್ತಾರೆ.

ಈಗ ಬಾಟಲಿಗಳ ವಿಚಾರ. ನಾಸಿಕ್‌ನ ಸುಲಾ ಸಂಸ್ಥೆಯ ಸುಲಾ ಬ್ರೂಟ್ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆ ಸಾವಿರ ರೂಪಾಯಿಯ ಆಸುಪಾಸು. ಬಾಟಲಿಯಲ್ಲಿಯೇ ಹುದುಗಿದ ವೈನ್ ಈ ಬೆಲೆಗೆ ಸಿಗುವುದು ನಿಜಕ್ಕೂ ದೊಡ್ಡ ಅನುಕೂಲ. ನಿಂಬೆ ಮತ್ತು ಹಸಿರು ಸೇಬಿನ ವಾಸನೆ, ನೇರವಾದ ಹುಳಿ. ಗುಳ್ಳೆಗಳು ಸ್ವಲ್ಪ ದಪ್ಪವಾಗಿದ್ದು ಬೇಗ ಇಳಿಯುತ್ತವೆ. ದೊಡ್ಡ ಕೂಟಕ್ಕೆ ನನ್ನ ಆಯ್ಕೆ ಇದೇ. ಫ್ರಾನ್ಸಿನ ಮದ್ಯ ತಯಾರಕರಾದ ಮೊಯೆ ಹೆನೆಸಿ ಬಳಗದವರು 2013ರಲ್ಲಿ ನಾಸಿಕ್ ಜಿಲ್ಲೆಯ ದ್ರಾಕ್ಷಿಯಿಂದ ಆರಂಭಿಸಿದ ಶಾಂಡನ್ ಬ್ರೂಟ್ ಇದಕ್ಕಿಂತ ಒಂದು ಮೆಟ್ಟಿಲು ಮೇಲಿದೆ. ಶೆನಿನ್ ಬ್ಲಾಂಕ್, ಶಾರ್ಡೊನೆ ಮತ್ತು ಪಿನೋ ನ್ವಾರ್ ಬೆರೆತ ಈ ವೈನನ್ನು ಲೋಟಕ್ಕೆ ಸುರಿದು ಒಂದೆರಡು ನಿಮಿಷ ಬಿಟ್ಟು ನೋಡಿದರೆ, ತಳದಿಂದ ದಾರದಂತೆ ಸಣ್ಣ ಗುಳ್ಳೆಗಳ ಸಾಲು ಏಳುತ್ತಲೇ ಇರುತ್ತದೆ. ಮೂಗಿಗೆ ಆಗಷ್ಟೇ ಸುಟ್ಟ ಬ್ರೆಡ್ಡಿನ ಪರಿಮಳ ತೆಳುವಾಗಿ ಬರುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿ ಇರುವಲ್ಲಿ ಹೆಚ್ಚಿನ ಹಣ ಕೊಟ್ಟು ಇದನ್ನೇ ತರುವುದು ಲೇಸು. ಶೆನಿನ್ ಬ್ಲಾಂಕ್‌ನಿಂದ ತಯಾರಾಗುವ ಯಾರ್ಕ್ ಸಂಸ್ಥೆಯ ಬ್ರೂಟ್, ಗ್ರೋವರ್ ಜಂಪಾದವರ ಸ್ವಾರೆ ಇವೆರಡೂ ಚೆನ್ನಾಗಿವೆ, ಆದರೆ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಗ್ರೋವರ್‌ನ ಮೂಲ ತೋಟ ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಿದೆ ಎಂಬುದನ್ನು ಕೂಟದಲ್ಲಿ ಹೇಳಿದಾಗ ಕನ್ನಡದವರೆಲ್ಲ ಆ ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿದರು.

ಲೇಬಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಸಿಹಿಯ ಮಟ್ಟ. ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈ ಎಂದರೆ 12ರಿಂದ 17 ಗ್ರಾಂ, ಡೆಮಿ ಸೆಕ್ ಎಂದರೆ 32ರಿಂದ 50 ಗ್ರಾಂ. ಎಕ್ಸ್‌ಟ್ರಾ ಡ್ರೈ ಬ್ರೂಟ್‌ಗಿಂತ ಸಿಹಿ ಎಂಬುದನ್ನು ಅಂಗಡಿಯವರೂ ಎಷ್ಟೋ ಸಲ ತಿರುಗಾಮುರುಗಾ ಹೇಳುತ್ತಾರೆ. ನಮ್ಮ ಕೂಟಗಳಲ್ಲಿ ಇದಕ್ಕೊಂದು ವಿಶೇಷ ಮಹತ್ವವಿದೆ, ಏಕೆಂದರೆ ಎಲ್ಲರೂ ಬಾಟಲಿ ತೆರೆಯುವುದು ಕೇಕ್ ಕತ್ತರಿಸುವ ಹೊತ್ತಿಗೆ. ಬಾಯಲ್ಲಿ ಕೇಕಿನ ಕೆನೆಯೋ ಹೋಳಿಗೆಯ ಹೂರಣವೋ ಇರುವಾಗ ಬ್ರೂಟ್ ಕುಡಿದರೆ ಎಂಥ ಒಳ್ಳೆಯ ವೈನಾದರೂ ಬರೀ ಹುಳಿಯೆನಿಸುತ್ತದೆ, ಮತ್ತು ಅತಿಥಿಗಳು ವೈನನ್ನೇ ದೂರುತ್ತಾರೆ. ಆದ್ದರಿಂದ ಬ್ರೂಟನ್ನು ಕೇಕಿಗೆ ಮೊದಲೇ, ಕರಿದ ತಿಂಡಿಯ ಜೊತೆ ಕೊಡಬೇಕು. ಚಕ್ಕುಲಿ, ಕೋಡುಬಳೆ, ಕೊತ್ತಂಬರಿ ವಡಿ ಇವುಗಳ ಎಣ್ಣೆಯನ್ನು ಹುಳಿಯೂ ಗುಳ್ಳೆಯೂ ನಾಲಿಗೆಯಿಂದ ತೊಳೆದುಬಿಡುತ್ತವೆ. ಖಾರದ ಮಿರ್ಚಿ ಭಜಿ ಮಾತ್ರ ಬೇಡ, ಗುಳ್ಳೆಗಳು ಖಾರವನ್ನು ಇನ್ನಷ್ಟು ಉರಿಸುತ್ತವೆ. ಸಿಹಿಯ ಜೊತೆಗೇ ಕೊಡಬೇಕೆಂದರೆ ಶಾಂಡನ್‌ನವರದೇ ಸಿಹಿ ಬಗೆಯಾದ ಡೆಲಿಸ್ ತರುವುದು ಸರಿ.

ಬಾಟಲಿಯಷ್ಟೇ ಅಂಗಡಿಯ ಆಯ್ಕೆಯೂ ಮುಖ್ಯ. ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ ಸ್ಪಾರ್ಕ್ಲಿಂಗ್ ಬಾಟಲಿಗಳನ್ನು ಅಲಂಕಾರಕ್ಕೆಂದು ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿಗೆ ತಾಗುವಂತೆ ನಿಲ್ಲಿಸಿದ್ದರು. ಕತ್ತಿನ ಮೇಲೆ ಬೆರಳಚ್ಚು ಮೂಡುವಷ್ಟು ಧೂಳಿತ್ತು. ಬೆಳಕು ಮತ್ತು ಸೆಕೆ ಈ ವೈನಿನ ಶತ್ರುಗಳು, ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಅಂಥ ಹಲಗೆಯ ಮೇಲೆ ತಿಂಗಳುಗಟ್ಟಲೆ ನಿಂತ ಬಾಟಲಿಯಲ್ಲಿ ತಾಜಾತನ ಉಳಿಯುವುದಿಲ್ಲ. ಸರಕು ಬೇಗ ಖಾಲಿಯಾಗುವ, ತಂಪು ಕೋಣೆಯಲ್ಲೋ ಫ್ರಿಜ್‌ನಲ್ಲೋ ಇಟ್ಟಿರುವ ಅಂಗಡಿಗೆ ಹೋಗಿ, ಹಿಂಬದಿಯ ಲೇಬಲ್ಲಿನಲ್ಲಿ ಬಾಟಲಿ ತುಂಬಿದ ತಿಂಗಳನ್ನು ಓದಿಕೊಂಡು ಕೊಳ್ಳಬೇಕು. ಗಾಂಧಿ ಜಯಂತಿಯಂಥ ಡ್ರೈ ಡೇ ಮತ್ತು ಚುನಾವಣೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಂಡು ಮುಂಚಿತವಾಗಿ ತಂದಿಡುವುದು ಒಳಿತು. ಗೋವಾದಲ್ಲಿ ಬೆಲೆ ಕಡಿಮೆಯೆಂದು ಅಲ್ಲಿಂದ ತರಿಸಿಕೊಳ್ಳಲು ಹೋಗಬಾರದು, ಪರವಾನಗಿಯಿಲ್ಲದೆ ಗಡಿ ದಾಟಿಸುವುದು ಅಬಕಾರಿ ಕಾನೂನಿನ ಉಲ್ಲಂಘನೆ.

ಮುಕ್ಕಾಲು ಲೀಟರಿನ ಒಂದು ಬಾಟಲಿಯಿಂದ ಆರು ಲೋಟ ಧಾರಾಳವಾಗಿ, ಶುಭ ಹಾರೈಕೆಗೆ ಮಾತ್ರವಾದರೆ ಏಳು ಲೋಟ ಸಿಗುತ್ತದೆ. ಕುಡಿಯದ ಹಿರಿಯರ ಕೈಗೂ ಅದೇ ಬಗೆಯ ಲೋಟದಲ್ಲಿ ಕೋಕಂ ಶರಬತ್ತನ್ನೋ ದ್ರಾಕ್ಷಿ ರಸವನ್ನೋ ಕೊಟ್ಟರೆ ಯಾರೂ ಹೊರಗುಳಿದಂತೆ ಅನಿಸುವುದಿಲ್ಲ. ಫ್ರಿಜ್‌ನಲ್ಲಿ ಮೂರು ಗಂಟೆ, ಇಲ್ಲವೇ ಐಸು ಮತ್ತು ನೀರು ಎರಡನ್ನೂ ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟರೆ ತಂಪು ಸರಿಯಾಗುತ್ತದೆ. ಬರೀ ಐಸಿನಲ್ಲಿ ಅಷ್ಟು ಬೇಗ ತಣಿಯುವುದಿಲ್ಲ. ತೆರೆಯುವಾಗ ಹೆಬ್ಬೆರಳನ್ನು ಕಾರ್ಕಿನ ಮೇಲಿಂದ ತೆಗೆಯದೆ ತಂತಿಯ ಕುಣಿಕೆಯನ್ನು ಆರು ಅರ್ಧ ಸುತ್ತು ಬಿಚ್ಚಿ, ಬಾಟಲಿಯನ್ನು ಓರೆಯಾಗಿ ಹಿಡಿದು, ಕಾರ್ಕನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಟಲಿಯನ್ನೇ ನಿಧಾನವಾಗಿ ತಿರುಗಿಸಬೇಕು. ಒಳಗಿನ ಒತ್ತಡ ಕಾರಿನ ಟಯರಿನಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು, ಮಕ್ಕಳು ಸುತ್ತಲೂ ನಿಂತಿರುವ ಮನೆಯಲ್ಲಿ ಕಾರ್ಕ್ ಹಾರಿಸುವ ಆಟ ಖಂಡಿತ ಬೇಡ. ಉಳಿದ ವೈನಿಗೆ ಬಾಟಲಿಯ ಬಾಯಲ್ಲಿ ಚಮಚ ತೂಗುಬಿಡುವುದರಿಂದ ಪ್ರಯೋಜನವಿಲ್ಲ. ಇದಕ್ಕೆಂದೇ ಸಿಗುವ, ಕತ್ತಿಗೆ ಕಚ್ಚಿಕೊಳ್ಳುವ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಮರುದಿನದ ಸಂಜೆಯವರೆಗೂ ಗುಳ್ಳೆ ಉಳಿಯುತ್ತದೆ.