ಚಕ್ರ ಸೇರಿಸಿ ಅಳೆಯಿರಿ: ಹಾಸನದಲ್ಲಿ ಕೊಂಡ ನನ್ನ ಕ್ಯಾಬಿನ್ ಬ್ಯಾಗ್

ವಿಮಾನದೊಳಗೆ ಜೊತೆಯಲ್ಲೇ ಒಯ್ಯುವ ಈ ಬ್ಯಾಗ್ ಕೊಂಡು ಎಂಟು ತಿಂಗಳಾಯಿತು. ಅಷ್ಟರಲ್ಲಿ ಆರು ಸಲ ವಿಮಾನ ಹತ್ತಿದ್ದೇನೆ, ಬಸ್ಸಿಗಂತೂ ಲೆಕ್ಕವಿಲ್ಲ. ಈಗ ಧೈರ್ಯವಾಗಿ ಬರೆಯಬಹುದು. ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಅದೇ ಕಂಪನಿಯ ಪಕ್ಕದ ಬ್ಯಾಗಿಗೆ ಅಳತೆ ಬೇರೆ, ತೂಕ ಬೇರೆ. ಹೆಸರು ನೋಡಿ ಕೊಂಡರೆ ಉಪಯೋಗವಿಲ್ಲ, ಟೇಪು ಹಿಡಿದೇ ಕೊಳ್ಳಬೇಕು.

ಮೊದಲು ಹಳೆಯ ಬ್ಯಾಗಿನ ವಿಷಯ ಹೇಳಬೇಕು. ಹೋದ ವರ್ಷ ತಂಗಿಯ ಸೀಮಂತಕ್ಕೆ ಪುಣೆಗೆ ಹೊರಟಿದ್ದೆ. ಆನ್‌ಲೈನ್‌ನಲ್ಲಿ ತರಿಸಿದ ಗಟ್ಟಿ ಚಿಪ್ಪಿನ ಬ್ಯಾಗ್, ನಾಲ್ಕು ಚಕ್ರ, ನೋಡಲು ತುಂಬಾ ಚೆನ್ನಾಗಿತ್ತು. ಚೀಟಿಯ ಮೇಲೆ ಕ್ಯಾಬಿನ್ ಸೈಜ್, 55 ಸೆಂ.ಮೀ. ಅಂತಲೇ ಇತ್ತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಗೇಟಿನ ಹತ್ತಿರ ಒಂದು ಅಳತೆಯ ಚೌಕಟ್ಟು ಇರುತ್ತದಲ್ಲ, ಅದರೊಳಗೆ ಇಡಿ ಅಂದರು. ಇಟ್ಟೆ, ಕೆಳಗೆ ಇಳಿಯಲಿಲ್ಲ. ತಿರುಗಿಸಿ ಇಟ್ಟೆ, ಚಕ್ರ ಮೇಲೆಯೇ ನಿಂತಿತು. ಹಿಂದೆ ಜನ ಕಾಯುತ್ತಿದ್ದರು. ಕೊನೆಗೆ ದುಡ್ಡು ಕಟ್ಟಿಸಿಕೊಂಡು ಬ್ಯಾಗನ್ನು ಸರಕಿನ ಜೊತೆ ಕೆಳಗೆ ಕಳಿಸಿದರು. ಅದರಲ್ಲಿ ತಂಗಿಗೆಂದು ಒಯ್ದ ಹಸಿರು ಗಾಜಿನ ಬಳೆ ಇತ್ತು. ಕೈಯಲ್ಲೇ ಇರುತ್ತದಲ್ಲ ಅಂತ ಹೆಚ್ಚು ಬಟ್ಟೆ ಸುತ್ತಿರಲಿಲ್ಲ. ಪುಣೆಯಲ್ಲಿ ತೆಗೆದರೆ ಅರ್ಧ ಡಜನ್ ಒಡೆದಿತ್ತು. ಸೀಮಂತದ ಬಳೆ. ತಂಗಿಗೆ ತೋರಿಸದೆ ಅಲ್ಲೇ ಪೇಟೆಯಲ್ಲಿ ಬೇರೆ ತಂದುಕೊಟ್ಟೆ. ಆದರೆ ಆ ದಿನದ ನೋವು ಇನ್ನೂ ಹೋಗಿಲ್ಲ.

ಊರಿಗೆ ಬಂದ ಮೇಲೆ ಟೇಪು ಹಿಡಿದು ನೋಡಿದೆ. ಪೆಟ್ಟಿಗೆಯ ಎತ್ತರ 55 ಸರಿಯಾಗಿಯೇ ಇದೆ. ಚಕ್ರ ಸೇರಿಸಿದರೆ 59! ಚೀಟಿಯಲ್ಲಿ ಬರೆದದ್ದು ಬರೀ ಪೆಟ್ಟಿಗೆಯ ಅಳತೆ. ವಿಮಾನದವರು ಅಳೆಯುವುದು ನೆಲದಿಂದ, ಚಕ್ರ, ಮೇಲಿನ ಹಿಡಿ ಎಲ್ಲಾ ಸೇರಿಸಿ. ಇಂಚಿನಲ್ಲಿ ಬರೆದಿದ್ದರೂ ಇದೇ ತೊಂದರೆ. 20 ಇಂಚು ಅಂದರೆ ಸುಮಾರು 51 ಸೆಂ.ಮೀ. ಅದಕ್ಕೆ ಚಕ್ರದ ನಾಲ್ಕು ಸೆಂ.ಮೀ. ಸೇರಿದರೆ ಅಂಚಿಗೆ ಬಂದು ನಿಲ್ಲುತ್ತದೆ. 22 ಇಂಚು ಅಂದರೆ ಚಕ್ರ ಬಿಟ್ಟೇ ಸುಮಾರು 56, ಅಂದರೆ ಮೊದಲೇ ಮಿತಿ ದಾಟಿರುತ್ತದೆ.

ಮಿತಿಗಳನ್ನು ಒಮ್ಮೆ ಕೂತು ಬರೆದುಕೊಂಡೆ. ಇಂಡಿಗೋ, ಆಕಾಸಾ ಎರಡರಲ್ಲೂ 55, 35, 25 ಸೆಂ.ಮೀ., ತೂಕ 7 ಕೆ.ಜಿ. ಏರ್ ಇಂಡಿಯಾದ ಎಕಾನಮಿಯಲ್ಲೂ 7 ಕೆ.ಜಿ., ಆದರೆ ಅಳತೆ 55, 40, 20. ಗಮನಿಸಿ, ಮೂರೂ ಅಂಕಿ ಕೂಡಿದರೆ ಎರಡೂ ಕಡೆ 115ಕ್ಕೇ ಬರುತ್ತದೆ, ಆದರೆ ಒಂದರಲ್ಲಿ ಅಗಲ ಕಡಿಮೆ, ಇನ್ನೊಂದರಲ್ಲಿ ದಪ್ಪ ಕಡಿಮೆ. ಒಂದಕ್ಕೆ ಸರಿ ಹೋದ ಬ್ಯಾಗ್ ಇನ್ನೊಂದಕ್ಕೆ ಹೋಗದೆ ಇರಬಹುದು. ಹಾಗಾಗಿ ನಾನು ಎರಡರಲ್ಲೂ ಚಿಕ್ಕದಿರುವ ಅಂಕಿ ಹಿಡಿದೆ: ಎತ್ತರ 55, ಅಗಲ 35, ದಪ್ಪ 20. ಎಮಿರೇಟ್ಸ್‌ನ 55, 38, 22ಕ್ಕೂ ಇದು ಸಾಲುತ್ತದೆ. ಕತಾರ್ ಏರ್‌ವೇಸ್ ಮಾತ್ರ ಎತ್ತರವನ್ನು 50ಕ್ಕೇ ನಿಲ್ಲಿಸಿದೆ. ನಮ್ಮ ಕಡೆಯಿಂದ ಗಲ್ಫ್‌ಗೆ ಹೋಗಿ ಬರುವವರು ಇದನ್ನು ನೋಡಿಕೊಳ್ಳಬೇಕು. ಇವೆಲ್ಲ ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡಿಸುವಾಗ ಆಯಾ ಕಂಪನಿಯ ಜಾಲತಾಣ ತೆರೆದು ನೋಡುವುದು ಒಳ್ಳೆಯದು.

ಈ ಸಲ ಆನ್‌ಲೈನ್ ಬೇಡ ಅಂತ ನಿರ್ಧರಿಸಿದೆ. ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಬ್ಯಾಗ್, ಛತ್ರಿ, ಶಾಲೆಯ ಚೀಲ ಎಲ್ಲ ಮಾರುವ ಒಂದು ಹಳೆಯ ಅಂಗಡಿ ಇದೆ, ಅಲ್ಲಿಗೆ ಹೋದೆ. ಪರ್ಸಿನಲ್ಲಿ ಹೊಲಿಗೆ ಟೇಪು ಇಟ್ಟುಕೊಂಡಿದ್ದೆ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನೂ ಒಯ್ದಿದ್ದೆ. ಅಂಗಡಿಯವರು ಒಂದಾದ ಮೇಲೆ ಒಂದು ತೆಗೆದು ತೋರಿಸಿದರು.

“ಅಣ್ಣ, ಇದನ್ನ ನಿಲ್ಲಿಸಿ, ನೆಲದಿಂದ ಅಳೀಬೇಕು.”

“ಅಳೀರಿ ಅಕ್ಕ, ಅದಕ್ಕೇನು. ಯಾರೂ ಅಳೆಯಲ್ಲ, ಆಮೇಲೆ ಬಂದು ಬದಲಾಯಿಸಿ ಕೊಡಿ ಅಂತಾರೆ.”

ಹನ್ನೊಂದು ಬ್ಯಾಗ್ ಅಳೆದೆ. ಎಲ್ಲದರ ಮೇಲೂ ಕ್ಯಾಬಿನ್ ಅಂತ ಬರೆದಿತ್ತು. ನಾಲ್ಕು ನೇರವಾಗಿ 55 ದಾಟಿದವು. ಮೂರು ದಪ್ಪದಲ್ಲಿ ಬಿದ್ದುಹೋದವು. ಉಳಿದ ನಾಲ್ಕನ್ನು ತೂಗಿದೆವು. ಅವರೂ ಆಸಕ್ತಿಯಿಂದ ಬಂದು ತಕ್ಕಡಿ ಹಿಡಿದರು, ಒಂದು ಸಲವೂ ಬೇಸರ ತೋರಿಸಲಿಲ್ಲ. ಒಂದು ಗಂಟೆ ನಿಂತರೂ ಹೀಗೆ ನೋಡಿಕೊಂಡದ್ದಕ್ಕೆ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ.

ತೂಕದ ವಿಷಯದಲ್ಲಿ ಜನ ಮೋಸ ಹೋಗುವುದೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. 7 ಕೆ.ಜಿ. ಅಂದರೆ ಬ್ಯಾಗ್ ಸೇರಿ 7. ನನ್ನ ಹಳೆಯ ಬ್ಯಾಗ್ ಖಾಲಿ ಇದ್ದಾಗಲೇ 3 ಕೆ.ಜಿ. 100 ಗ್ರಾಂ ಇತ್ತು. ಬಟ್ಟೆಬರೆಗೆ ಉಳಿಯುವುದು 4 ಕೆ.ಜಿ.ಗಿಂತ ಕಡಿಮೆ. ಎರಡು ರೇಷ್ಮೆ ಸೀರೆ, ಒಂದು ಕೆ.ಜಿ. ಕಾಫಿ ಪುಡಿ, ಒಂದು ಡಬ್ಬ ಕೋಡುಬಳೆ ಇಟ್ಟರೆ ಆಯಿತು, ಇನ್ನು ಉಳಿದದ್ದು ಎಲ್ಲಿ ಇಡುವುದು? ಹೊಸದು 2 ಕೆ.ಜಿ. 100 ಗ್ರಾಂ. ಒಂದು ಕೆ.ಜಿ. ಸುಮ್ನೆ ಉಳಿಯಿತು.

ಇನ್ನು ಚಕ್ರ. ನಾನು ಕೊಂಡದ್ದು ಎರಡು ಚಕ್ರದ್ದು, ಬಟ್ಟೆಯ ಬ್ಯಾಗ್. ಅಂಗಡಿಯಲ್ಲಿ ಎಲ್ಲರೂ ಕೇಳುವುದು ನಾಲ್ಕು ಚಕ್ರದ್ದಂತೆ. ನುಣುಪಾದ ನೆಲದ ಮೇಲೆ ಅದು ನಿಜವಾಗಿಯೂ ಆರಾಮ, ಪಕ್ಕದಲ್ಲೇ ತಳ್ಳಿಕೊಂಡು ಹೋಗಬಹುದು, ಮೊಣಕೈಗೆ ಭಾರ ಬೀಳುವುದಿಲ್ಲ. ಆದರೆ ಹಾಸನದಿಂದ ಹೊರಡುವವರು ಆ ನುಣುಪಾದ ನೆಲದ ಮೇಲೆ ಇರುವುದು ಎಷ್ಟು ಹೊತ್ತು ಹೇಳಿ? ಮನೆಯಿಂದ ಆಟೋ, ಬಸ್ ನಿಲ್ದಾಣ, ಸುಮಾರು 185 ಕಿ.ಮೀ. ಬೆಂಗಳೂರು, ಮೆಜೆಸ್ಟಿಕ್‌ನಲ್ಲಿ ಇಳಿದು ಪ್ಲಾಟ್‌ಫಾರ್ಮ್ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಬಸ್ಸು ಹಿಡಿದು ಮತ್ತೆ ಒಂದು ಗಂಟೆಗೂ ಹೆಚ್ಚು. ದಾರಿಯಲ್ಲಿ ಕಲ್ಲು, ಗುಂಡಿ, ಚರಂಡಿಯ ಚಪ್ಪಡಿ. ಹೊರಗೆ ಚಾಚಿಕೊಂಡ ಸಣ್ಣ ಚಕ್ರ ಅಂಥ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಹಳೆಯದರ ಒಂದು ಚಕ್ರ ಹಾಗೇ ವಾಲಿಕೊಂಡಿತ್ತು. ಎರಡು ಚಕ್ರದ ಬ್ಯಾಗಿನಲ್ಲಿ ಚಕ್ರ ಸ್ವಲ್ಪ ದೊಡ್ಡದು, ಅರ್ಧ ಭಾಗ ಬ್ಯಾಗಿನ ಮೂಲೆಯ ಒಳಗೇ ಕೂತಿರುತ್ತದೆ. ಎಳೆದುಕೊಂಡು ಹೋದರೆ ಗುಂಡಿಯ ಮೇಲೂ ಬರುತ್ತದೆ. ಎತ್ತರದಲ್ಲೂ ಚಕ್ರ ಕಡಿಮೆ ಜಾಗ ತಿನ್ನುತ್ತದೆ, ಅಂದರೆ ಅದೇ 55ರೊಳಗೆ ಬಟ್ಟೆಗೆ ಜಾಸ್ತಿ ಜಾಗ. ಇನ್ನೊಂದು ಮಾತು, ಬಸ್ಸಿನಲ್ಲಿ ಕಾಲ ಹತ್ತಿರ ನಿಲ್ಲಿಸಿದರೆ ನಿಂತಲ್ಲೇ ನಿಂತಿರುತ್ತದೆ. ನಾಲ್ಕು ಚಕ್ರದ್ದು ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಮುಂದಕ್ಕೆ ಓಡುತ್ತಿತ್ತು, ನೆಲಮಂಗಲದವರೆಗೂ ಒಂದು ಕಾಲನ್ನು ಅಡ್ಡ ಇಟ್ಟುಕೊಂಡೇ ಕೂರಬೇಕಿತ್ತು.

ಮೊಣಕೈ ನೋವು, ಭುಜ ನೋವು ಇರುವವರಿಗೆ ಮಾತ್ರ ನಾಲ್ಕು ಚಕ್ರದ್ದೇ ಸರಿ. ಎಳೆಯುವಾಗ ಅರ್ಧ ಭಾರ ಕೈಗೆ ಬರುತ್ತದೆ, ಅದನ್ನು ಸುಳ್ಳು ಹೇಳಲಾರೆ.

ಗಟ್ಟಿ ಚಿಪ್ಪು ಕೊಳ್ಳುವುದಾದರೆ ಯಾವ ಪ್ಲಾಸ್ಟಿಕ್ ಅಂತ ಕೇಳಿ. ಎಬಿಎಸ್ ಅಗ್ಗ, ಆದರೆ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಬಗ್ಗಿ ಮತ್ತೆ ಸರಿಯಾಗುತ್ತದೆ. ಪಾಲಿಪ್ರೊಪಿಲೀನ್ ಕೂಡ ಬಗ್ಗುತ್ತದೆ, ಹಗುರ. ವಿಐಪಿ, ಸ್ಕೈಬ್ಯಾಗ್ಸ್, ಅರಿಸ್ಟೋಕ್ರಾಟ್ ಮೂರೂ ಒಂದೇ ಕಂಪನಿಯವು. ಹೆಸರು ಬೇರೆ ಅಂತ ಗೊಂದಲ ಬೇಡ, ವಸ್ತು ಯಾವುದು, ತೂಕ ಎಷ್ಟು ಅಂತ ನೋಡಿ.

ಬಳಸಿದ ಮೇಲೆ ಇಷ್ಟವಾದದ್ದು ಹೊರಗಿನ ಜೇಬು. ಪವರ್ ಬ್ಯಾಂಕ್, ಆಧಾರ್ ಕಾರ್ಡು, ಮಾತ್ರೆ ಎಲ್ಲ ಅಲ್ಲಿ. ಇದು ಬರೀ ಅನುಕೂಲಕ್ಕಲ್ಲ. ಒಂದು ಸಲ ಶಿವಮೊಗ್ಗದಿಂದ ಬೆಂಗಳೂರಿಗೆ ಹೋದೆ. ಅಲ್ಲಿಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾದದ್ದು, ನಾನು ಹತ್ತಿದ್ದು ಎಟಿಆರ್, ಸಣ್ಣ ವಿಮಾನ. ತಲೆಯ ಮೇಲಿನ ಖಾನೆ ಚಿಕ್ಕದು. ಅಳತೆ ಸರಿ ಇದ್ದರೂ ಮೆಟ್ಟಿಲ ಹತ್ತಿರವೇ ಕೆಲವು ಬ್ಯಾಗ್ ತೆಗೆದುಕೊಂಡು ಕೆಳಗೆ ಹಾಕಿದರು, ನನ್ನದೂ ಹೋಯಿತು. ಪವರ್ ಬ್ಯಾಂಕನ್ನು ಕೆಳಗೆ ಹೋಗುವ ಬ್ಯಾಗಿನಲ್ಲಿ ಇಡುವಂತಿಲ್ಲ, ಅದು ನಮ್ಮ ಜೊತೆಯೇ ಇರಬೇಕು. ಹೊರಗಿನ ಜೇಬಿನಲ್ಲಿದ್ದದ್ದರಿಂದ ಒಂದು ಕ್ಷಣದಲ್ಲಿ ತೆಗೆದೆ. ನನ್ನ ಹಿಂದಿದ್ದ ಒಬ್ಬ ಅಜ್ಜ ಬಿಸಿಲಿನಲ್ಲಿ ಇಡೀ ಪೆಟ್ಟಿಗೆ ಬಿಚ್ಚಿ ಹುಡುಕುತ್ತಿದ್ದರು, ಪಾಪ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಎಚ್ಚರಿಕೆ. ಅರಸೀಕೆರೆ ಕಡೆಯಿಂದ ನೆಂಟರಿಗೆ ಕೊಬ್ಬರಿ ಒಯ್ಯುವ ಅಭ್ಯಾಸ ನಮಗೆಲ್ಲ ಇದೆ ಅಲ್ವಾ? ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತುವ ವಸ್ತು ಅಂತ ಲೆಕ್ಕ. ಬ್ಯಾಗ್ ಎಷ್ಟೇ ಸರಿ ಇರಲಿ, ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ದೊಡ್ಡದು ಮಳೆ. ಜುಲೈಯಲ್ಲಿ ಸಕಲೇಶಪುರದಲ್ಲಿ ಬಸ್ಸಿಗೆ ಕಾಯುವಾಗ ಹತ್ತು ನಿಮಿಷ ನೆನೆಯಿತು. ಬಟ್ಟೆ ನೀರು ಎಳೆದು, ಮೇಲಿನ ಎರಡು ಕುರ್ತಾ ತೊಯ್ದುಹೋದವು. ಜೊತೆಗೆ ಮಳೆಯ ಹೊದಿಕೆ ಕೊಟ್ಟಿಲ್ಲ, ನಾನೇ 150 ರೂಪಾಯಿಗೆ ಬೇರೆ ಕೊಂಡೆ. ಮಲೆನಾಡಿನ ಕಡೆಯವರು ಇದನ್ನು ಯೋಚಿಸಲೇಬೇಕು. ಎರಡನೆಯದು, ಬಟ್ಟೆಯ ಬ್ಯಾಗ್ ಉಬ್ಬುತ್ತದೆ. ಖಾಲಿ ಇದ್ದಾಗ ದಪ್ಪ 20, ಹೊರ ಜೇಬಿಗೆ ದಪ್ಪ ಸ್ವೆಟರ್ ತುರುಕಿದರೆ 24. ದಪ್ಪ ಹೆಚ್ಚಿಸುವ ಜಿಪ್ ಇರುವ ಬ್ಯಾಗನ್ನು ಅದಕ್ಕೇ ಬೇಡ ಅಂದೆ, ಅದು ಇದ್ದರೆ ಬಿಚ್ಚದೆ ಇರಲು ಮನಸ್ಸು ಬರುವುದಿಲ್ಲ. ಮೂರನೆಯದು, ಎಳೆಯುವ ಹಿಡಿ ಸ್ವಲ್ಪ ಅಲ್ಲಾಡುತ್ತದೆ. ಮೊದಲ ದಿನದಿಂದಲೂ ಹಾಗೇ ಇದೆ, ಇನ್ನೂ ಕೆಟ್ಟಿಲ್ಲ. ಒಳಗೆ ಹಿಡಿಯ ಎರಡು ಕೊಳವೆಗಳು ಏಣಿನ ಹಾಗೆ ಎದ್ದಿರುತ್ತವೆ, ಅವುಗಳ ನಡುವಿನ ಸಂದಿಗೆ ಕಾಲುಚೀಲ, ಒಳಬಟ್ಟೆ ಸುತ್ತಿ ತುಂಬಿದರೆ ಜಾಗ ಹಾಳಾಗುವುದಿಲ್ಲ.

ಜಿಪ್ ಚೆನ್ನಾಗಿದೆ. ಬೆಲೆ 2,400 ರೂಪಾಯಿ. ಮೂರು ವರ್ಷದ ವಾರಂಟಿ ಇದೆ, ಆದರೆ ಸಾಗಿಸುವಾಗ ಆದ ಹಾನಿಗೆ ಇಲ್ಲ ಅಂತ ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ. ಕೊಳ್ಳುವಾಗ ಅಂಗಡಿಯ ಮೊಹರು ಹಾಕಿಸಿಕೊಳ್ಳಿ.

ಈ ಎಂಟು ತಿಂಗಳಲ್ಲಿ ಎರಡು ಸಲ ಅಳತೆಯ ಚೌಕಟ್ಟಿಗೆ ಇಡಿಸಿದರು. ಎರಡು ಸಲವೂ ಸಲೀಸಾಗಿ ಇಳಿಯಿತು, ಒಂದು ಬೆರಳು ಜಾಗ ಉಳಿದಿತ್ತು. ಎರಡನೇ ಸಲ ನಾನು ಪುಣೆಗೇ ಹೋಗುತ್ತಿದ್ದೆ, ತಂಗಿಯ ಮಗುವಿನ ನಾಮಕರಣಕ್ಕೆ. ಒಳಗೆ ಮಗುವಿನ ಕೈಗೆ ಕರಿಮಣಿ, ಬೆಳ್ಳಿ ಬಟ್ಟಲು, ತಂಗಿಗೆ ಮತ್ತೆ ಹಸಿರು ಗಾಜಿನ ಬಳೆ. ಈ ಸಲ ಬ್ಯಾಗ್ ನನ್ನ ತಲೆಯ ಮೇಲೇ ಇತ್ತು.

ಅಮ್ಮ ಮುಂದಿನ ತಿಂಗಳು ಕಾಶಿಗೆ ಹೊರಟಿದ್ದಾರೆ. ಅವರಿಗೆ ಭುಜ ನೋವು. ನಾಲ್ಕು ಚಕ್ರದ್ದು, 55ರೊಳಗೆ ಬರುವಂಥದ್ದು, ಎರಡೂವರೆ ಕೆ.ಜಿ. ದಾಟದ್ದು ಸಿಕ್ಕರೆ ತೆಗೆದಿಡಿ ಅಂತ ಅದೇ ಅಂಗಡಿಯವರಿಗೆ ಹೇಳಿ ಬಂದಿದ್ದೇನೆ. ನಿನ್ನೆ ಫೋನ್ ಮಾಡಿದ್ದರು, ಒಂದು ಬಂದಿದೆಯಂತೆ. ಅವರೇ ಚಕ್ರ ಸೇರಿಸಿ ಅಳೆದು, 54 ಅಂದರು. ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿ ಎಳೆಸಿ ನೋಡುತ್ತೇನೆ.